ಎಣಿಕೆ ಸರಿಯಾಗುವವರೆಗೆ

ಓದುಗರ ಪತ್ರ, ಸಿಸ್ಟರ್ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ನಾನೇ ಒಂದು ಪ್ರಶ್ನೆ ಕೇಳಿದ್ದೆ. ಆಪರೇಷನ್ ಥಿಯೇಟರಿನಲ್ಲಿ, ಸರ್ಜಿಕಲ್ ವಾರ್ಡಿನಲ್ಲಿ ಕೆಲಸ ಮಾಡುವವರೇ, ಪಾಳಿ ಮುಗಿಸಿ ಹೊರಗೆ ಕಾಲಿಡುವಾಗ ನಿಮಗೆ ಸಮಾಧಾನ ಇರುತ್ತದೆಯೇ ಎಂದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಕೆಲವನ್ನು ಓದಿ ಮುಗಿಸಲು ನನಗೆ ಎರಡು ಸಲ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಬೆಳಗಾವಿಯಲ್ಲಿ 34 ವರ್ಷ ನರ್ಸ್ ಆಗಿದ್ದೆ. ಅದರಲ್ಲಿ 19 ವರ್ಷ ಥಿಯೇಟರಿನಲ್ಲಿ, ಉಳಿದದ್ದು ಬಹುಪಾಲು ಸರ್ಜಿಕಲ್ ವಾರ್ಡಿನಲ್ಲಿ. ಹಾಗಾಗಿ ಈ ಸಲದ ಉತ್ತರಗಳನ್ನು ಯಾವ ಪುಸ್ತಕವನ್ನೂ ತೆರೆಯುವ ಮೊದಲು ನನ್ನ ಕಾಲುಗಳನ್ನು ಕೇಳಿಯೇ ಬರೆದಿದ್ದೇನೆ.

ನಾಲ್ಕು ವರ್ಷದಿಂದ ಸರ್ಜಿಕಲ್ ವಾರ್ಡಿನಲ್ಲಿದ್ದೇನೆ. ರಾತ್ರಿ ಪಾಳಿಯಲ್ಲಿ 24 ಹಾಸಿಗೆಗೆ ನಾನೊಬ್ಬಳು, ಜೊತೆಗೆ ಒಬ್ಬ ಆಯಾ. ಕೆಲಸ ತಪ್ಪಿಸಿಲ್ಲ, ಯಾರ ಮೇಲೂ ರೇಗಿಲ್ಲ. ಆದರೂ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತ ಕೂಡಲೇ ಅಳು ಬರುತ್ತದೆ. ನನಗೆ ಈ ವೃತ್ತಿಯ ಮೇಲೆ ಪ್ರೀತಿ ಇಲ್ಲವೇ?
— ಹೆಸರು ಬೇಡ, ಬಾಗಲಕೋಟೆ

ತಂಗೀ, ಪ್ರೀತಿಯ ಮಾತು ಆಮೇಲೆ. ಮೊದಲು ಲೆಕ್ಕ ಮಾಡೋಣ. ನಿಮ್ಮ 24 ಜನರಲ್ಲಿ ಆರು ಜನ ಅಂದೇ ಥಿಯೇಟರಿನಿಂದ ಬಂದವರು ಎಂದುಕೊಳ್ಳಿ. ಅವರ ನಾಡಿ, ರಕ್ತದೊತ್ತಡ, ಉಸಿರು, ಡ್ರೇನಿನಲ್ಲಿ (ಗಾಯದಿಂದ ಹೊರಗೆ ಬಿಟ್ಟ ನಳಿಕೆಯಲ್ಲಿ) ಇಳಿದ ರಕ್ತ, ಮೂತ್ರದ ಚೀಲ ಇಷ್ಟನ್ನೂ ಅರ್ಧ ಗಂಟೆಗೊಮ್ಮೆ ನೋಡಿ ಬರೆಯಬೇಕು. ಒಬ್ಬರಿಗೆ ನಾಲ್ಕು ನಿಮಿಷವೆಂದರೂ ಆರು ಜನಕ್ಕೆ 24 ನಿಮಿಷ. ಆ ಅರ್ಧ ಗಂಟೆಯಲ್ಲಿ ನಿಮ್ಮ ಕೈಯಲ್ಲಿ ಉಳಿದದ್ದು ಆರು ನಿಮಿಷ, ಉಳಿದ ರೋಗಿಗಳು 18. ಸಲೈನ್ ಬದಲಿಸುವುದು, ಇಂಜೆಕ್ಷನ್ ಕೊಡುವುದು, ನೋವೆಂದು ಕೂಗಿದವರ ಹತ್ತಿರ ಹೋಗುವುದು, ಹನ್ನೆರಡು ಗಂಟೆಗೆ ಬಂದ ಹೊಸ ಅಪೆಂಡಿಕ್ಸ್ ರೋಗಿಯನ್ನು ಹಾಸಿಗೆಗೆ ಹಾಕಿಸುವುದು ಎಲ್ಲವೂ ಆ ಆರು ನಿಮಿಷದಲ್ಲೇ. ನಿಮ್ಮ ಜಾಗದಲ್ಲಿ ಯಾರನ್ನು ನಿಲ್ಲಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನು ಅಳುವಿನ ಮಾತು. ನಾನು ವಾರ್ಡಿನಲ್ಲಿದ್ದ ಕಾಲದಲ್ಲಿ ಸವದತ್ತಿ ಕಡೆಯ ಒಬ್ಬ ಹೆಂಗಸು ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಬಂದಿದ್ದಳು. ಥಿಯೇಟರಿಗೆ ಕಳಿಸುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆಸಬೇಕು, ಒಳಗೆ ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದ ಚರ್ಮ ಸುಡುವ ಭಯವಿರುತ್ತದೆ. ಆಕೆ ಬಳೆ ತೆಗೆದಳು, ಮೂಗುತಿ ತೆಗೆದಳು, ಗುಳದಾಳಿಗೆ, ಅಂದರೆ ತಾಳಿಗೆ, ಕೈ ಹೋದಾಗ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದಳು. ಗಂಡ ಬಾಗಿಲಲ್ಲೇ ನಿಂತಿದ್ದ. ಟ್ರಾಲಿಯೂ ಬಂದು ನಿಂತಿತ್ತು. ನಾನು ಡ್ರೆಸ್ಸಿಂಗ್ ಪೊಟ್ಟಣ ಕಟ್ಟುವ ಹತ್ತಿ ದಾರವನ್ನು ಒಂದು ಮೊಳ ಕತ್ತರಿಸಿದೆ. ಪಕ್ಕದ ಹಾಸಿಗೆಯ ಅಜ್ಜಿಯ ಚೀಲದಲ್ಲಿ ಅರಿಶಿಣದ ಪುಡಿ ಇತ್ತು, ಅದಕ್ಕೆ ಹಚ್ಚಿದೆ. ಗಂಡನನ್ನು ಒಳಗೆ ಕರೆದು ಅವನ ಕೈಯಿಂದಲೇ ಆಕೆಯ ಕೊರಳಿಗೆ ಕಟ್ಟಿಸಿದೆ. ಆಮೇಲೆ ಆಕೆಯೇ ಗುಳದಾಳಿ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು. ಎಲ್ಲಾ ಸೇರಿ ನಾಲ್ಕು ನಿಮಿಷ ಆಗಿರಬಹುದು. ಆ ಪಾಳಿಯಲ್ಲಿ ನಾವು ಮೂವರಿದ್ದೆವು, ಆದ್ದರಿಂದ ನನಗೆ ಆ ನಾಲ್ಕು ನಿಮಿಷ ಸಿಕ್ಕಿತು. ಒಬ್ಬಳೇ ಇದ್ದಿದ್ದರೆ, "ಬೇಗ ತೆಗೆಯಮ್ಮಾ, ಡಾಕ್ಟರು ಬೈಯುತ್ತಾರೆ" ಎಂದು ನಾನೇ ಕೊರಳಿಗೆ ಕೈ ಹಾಕುತ್ತಿದ್ದೆ. ಆ ರಾತ್ರಿ ನನಗೂ ಬಸ್ಸಿನಲ್ಲಿ ಅಳು ಬರುತ್ತಿತ್ತು.

ನಿಮ್ಮನ್ನು ಅಳಿಸುತ್ತಿರುವುದು ಮಾಡಿದ ಕೆಲಸವಲ್ಲ, ಮಾಡಬೇಕೆಂದು ಗೊತ್ತಿದ್ದೂ ಬಿಟ್ಟು ಬಂದ ಕೆಲಸ. ಬಾಯಿ ಒಣಗಿದವರ ತುಟಿ ಒದ್ದೆ ಮಾಡಲಿಲ್ಲ, ಎರಡನೆಯ ದಿನದ ರೋಗಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಲಿಲ್ಲ, ನಾಳೆ ಆಪರೇಷನ್ ಇರುವವನ ಭಯಕ್ಕೆ ಎರಡು ಮಾತು ಆಡಲಿಲ್ಲ. ಇದು ನಿಮ್ಮೊಬ್ಬರ ಮನಸ್ಸಿನ ದೌರ್ಬಲ್ಯವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯ ರೋಗಿಗಳನ್ನೇ ಆರಿಸಿಕೊಂಡು ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇಕಡಾ 7ರಷ್ಟು ಹೆಚ್ಚು, ನರ್ಸ್ ಪೂರ್ತಿ ಬಸವಳಿಯುವ ಸಂಭವ ಶೇಕಡಾ 23ರಷ್ಟು ಹೆಚ್ಚು, ಕೆಲಸದ ಬಗ್ಗೆ ಅತೃಪ್ತಿ ಹುಟ್ಟುವ ಸಂಭವ ಶೇಕಡಾ 15ರಷ್ಟು ಹೆಚ್ಚು ಎಂದು ಅವರು ಕಂಡರು. ಅಲ್ಲಿ ಒಬ್ಬರಿಗೆ ನಾಲ್ವರೋ ಎಂಟು ಜನವೋ ಎಂಬುದು ಪ್ರಶ್ನೆ. ನೀವು 24 ಜನರನ್ನು ನೋಡಿಕೊಳ್ಳುತ್ತಿದ್ದೀರಿ. ನಮ್ಮಲ್ಲಿಯೂ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಎನ್ನುತ್ತದೆ.

ಮಾಡಬೇಕಾದದ್ದು ಒಂದಿದೆ. ಇಂದಿನಿಂದ ಪ್ರತಿ ರಾತ್ರಿ ವರದಿ ಪುಸ್ತಕದ ಕೊನೆಯಲ್ಲಿ ಮೂರು ಸಾಲು ಬರೆಯಿರಿ: ಎಷ್ಟು ರೋಗಿಗಳು, ಅದರಲ್ಲಿ ಅಂದಿನ ಆಪರೇಷನ್ ಎಷ್ಟು, ಯಾವ ಕೆಲಸ ಮಾಡಲಾಗದೆ ಉಳಿಯಿತು. ದೂರಿನ ಮಾತು ಬೇಡ, ಸಂಖ್ಯೆ ಸಾಕು. "ತುಂಬಾ ಕಷ್ಟವಾಗುತ್ತಿದೆ" ಎಂಬ ಮಾತನ್ನು ಆಡಳಿತದವರು ನೂರು ಸಲ ಕೇಳಿರುತ್ತಾರೆ. "ಮೂವತ್ತು ರಾತ್ರಿಗಳಲ್ಲಿ ಹನ್ನೊಂದು ರಾತ್ರಿ ರಕ್ತದೊತ್ತಡ ನೋಡುವುದು ತಪ್ಪಿದೆ" ಎಂಬುದನ್ನು ಸಹಿಯೊಂದಿಗೆ ನೋಡಿದರೆ ಅವರೂ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ನಮ್ಮ ವಾರ್ಡಿಗೆ ರಾತ್ರಿ ಎರಡನೆಯ ನರ್ಸ್ ಬಂದದ್ದು ಇಂಥ ಪುಸ್ತಕದಿಂದಲೇ. ಏಳು ತಿಂಗಳು ಹಿಡಿಯಿತು.

ಥಿಯೇಟರಿನಲ್ಲಿ ಸ್ಕ್ರಬ್ ನರ್ಸ್ ಆಗಿದ್ದೇನೆ, ಸರ್ಜನ್ ಕೈಗೆ ಉಪಕರಣ ಕೊಡುವವಳು. ಹೊಟ್ಟೆ ಮುಚ್ಚುವ ಹೊತ್ತಿಗೆ ಒಂದು ಮಾಪ್ (ರಕ್ತ ಹೀರುವ ಬಟ್ಟೆ) ಕಡಿಮೆ ಎಂದೆ. ಸರ್ಜನ್ ಎಲ್ಲರ ಮುಂದೆ, "ಎಣಿಸುವುದಕ್ಕೂ ಬರುವುದಿಲ್ಲವೇ" ಎಂದು ಕೂಗಿದರು. ಹುಡುಕಿದಾಗ ಮಾಪ್ ಒಳಗೇ ಇತ್ತು. ಆಮೇಲೆ ಅವರು ಒಂದು ಮಾತೂ ಆಡಲಿಲ್ಲ. ಥಿಯೇಟರ್ ಬಿಟ್ಟು ಬೇರೆ ವಿಭಾಗ ಕೇಳಲೇ?
— ಒಬ್ಬ ಓದುಗಿ, ವಿಜಯಪುರ

ನಿಮ್ಮ ಪತ್ರ ಓದುತ್ತಿದ್ದಂತೆ ಹಳೆಯ ಒಂದು ರಾತ್ರಿ ಎದುರಿಗೆ ಬಂದು ನಿಂತಿತು. ಹುಕ್ಕೇರಿ ತಾಲ್ಲೂಕಿನ ಹುಡುಗ, ಕಬ್ಬು ಕಡಿಯುವವನು. ಟ್ರ್ಯಾಕ್ಟರಿನ ಟ್ರೇಲರ್ ಉರುಳಿ ಗುಲ್ಮ (ಸ್ಪ್ಲೀನ್) ಒಡೆದಿತ್ತು. ಹೊಟ್ಟೆ ತೆರೆದಾಗ ಒಳಗೆಲ್ಲ ರಕ್ತ. ಐದೈದರ ಮೂರು ಕಟ್ಟು ಮಾಪ್ ಒಂದರ ಹಿಂದೆ ಒಂದು ಒಳಗೆ ಹೋದವು. ಗುಲ್ಮ ತೆಗೆದಾಯಿತು, ರಕ್ತ ನಿಂತಿತು, ಸೂಜಿ ದಾರ ಕೇಳಿದರು. ನನ್ನ ಲೆಕ್ಕಕ್ಕೆ 14 ಬಂತು. ಫ್ಲೋರ್ ನರ್ಸ್ ಬಕೆಟ್ ಸುರಿದು ಒಂದೊಂದನ್ನೇ ನೆಲದ ಮೇಲೆ ಬಿಡಿಸಿಟ್ಟಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು, ಬಟ್ಟೆಯ ಮಡಿಕೆ ಜಾಡಿಸಿದಳು. 14 ಮಾತ್ರ. ನಾನು ಸೂಜಿ ಕೊಡಲಿಲ್ಲ. ನಿಮಗೆ ಆದಂತೆಯೇ ನನಗೂ ಬೈಗುಳ ಬಿತ್ತು, ಶಬ್ದಗಳು ಇನ್ನೂ ಕಟುವಾಗಿದ್ದವು. ಅರಿವಳಿಕೆ ವೈದ್ಯರು ತಲೆಯ ಕಡೆಯಿಂದ, "ಪ್ರೆಶರ್ ಚೆನ್ನಾಗಿದೆ, ಐದು ನಿಮಿಷ ತಗೊಳ್ಳಿ" ಎಂದರು. ಆ ಮನುಷ್ಯನ ಋಣ ನನ್ನ ಮೇಲಿದೆ. ಸರ್ಜನ್ ಮತ್ತೆ ಕೈ ಹಾಕಿದರು. ರಕ್ತದಲ್ಲಿ ತೊಯ್ದ ಮಾಪ್ ಒಳಗಿನ ಅಂಗದಂತೆಯೇ ಕಾಣುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೇ ಸಿಗಬೇಕು. ಎಡಗಡೆ ವಪೆಯ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರೆಯ, ಕೆಳಗೆ ಸಿಕ್ಕಿತು. ಮಾತಿಲ್ಲದೆ ತೆಗೆದು ನನ್ನ ಟ್ರೇಯಲ್ಲಿ ಹಾಕಿದರು. "ಹದಿನೈದು. ಕೌಂಟ್ ಸರಿ, ಸರ್" ಎಂದೆ. ಆಮೇಲೆ ಸೂಜಿ ಕೊಟ್ಟೆ.

ಒಂದು ವೇಳೆ ಅದು ಒಳಗೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೀವು, ಜ್ವರ, ಮತ್ತೊಂದು ಆಪರೇಷನ್, ಕೆಲವೊಮ್ಮೆ ಪ್ರಾಣ. ಥಿಯೇಟರಿನ ನರ್ಸ್ ಕೆಲಸದಲ್ಲಿ ಒಂದು ವಿಶೇಷ ಕಷ್ಟವಿದೆ. ವಾರ್ಡಿನ ನರ್ಸನ್ನು ರೋಗಿ ನೆನಪಿಟ್ಟುಕೊಳ್ಳುತ್ತಾನೆ, "ಆ ಕಡೆ ಹಾಸಿಗೆಯ ನರ್ಸ್‌ಬಾಯಿ ಬಹಳ ಒಳ್ಳೆಯವರು" ಎಂದು ಊರಲ್ಲಿ ಹೇಳುತ್ತಾನೆ. ನಿಮ್ಮನ್ನು ಅವನು ನೋಡಿಯೇ ಇರುವುದಿಲ್ಲ. ನೋಡಿದ್ದರೂ ಮಾಸ್ಕಿನ ಮೇಲಿನ ಎರಡು ಕಣ್ಣು ಅಷ್ಟೇ. ಆದ್ದರಿಂದ ನಿಮ್ಮ ಕೆಲಸಕ್ಕೆ ಸಾಕ್ಷಿ ಯಾರೆಂದರೆ ಆ ಮೇಜಿನ ಸುತ್ತ ನಿಂತವರು ಮಾತ್ರ. ಅವರೇ ಮೌನವಾದರೆ ಎದೆ ಭಾರವಾಗುತ್ತದೆ. ನಿಮ್ಮ ನೋವು ಸಣ್ಣದಲ್ಲ.

ಆದರೆ ಥಿಯೇಟರ್ ಬಿಡಬೇಡಿ. ನಿಮಗೆ ಅಲ್ಲಿ ಒಂದು ಅಧಿಕಾರವಿದೆ, ಅದನ್ನು ಯಾರ ದಯೆಯಿಂದಲೂ ಪಡೆದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ: ಅರಿವಳಿಕೆಗೆ ಮೊದಲು ಕೆಲವು, ಚರ್ಮ ಕೊಯ್ಯುವ ಮೊದಲು ಕೆಲವು, ರೋಗಿ ಥಿಯೇಟರ್ ಬಿಡುವ ಮೊದಲು ಕೆಲವು. ಕೊಯ್ಯುವ ಮೊದಲು ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು. ಕೊನೆಯಲ್ಲಿ ಉಪಕರಣ, ಮಾಪ್, ಸೂಜಿಗಳ ಎಣಿಕೆ ಮುಗಿದಿದೆ ಎಂದು ಬಾಯಿ ಬಿಟ್ಟು ಹೇಳಬೇಕಾದವರು ನರ್ಸ್. ಸರ್ಜನ್ ಅಲ್ಲ. ಹೊಸದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ಪ್ರಕಟವಾದ ವರದಿ ಹೇಳಿತು. ನಿಮ್ಮ ಥಿಯೇಟರಿನಲ್ಲಿ ಆ ಪಟ್ಟಿಗೆ ಮುಂಚೆಯೇ ಟಿಕ್ ಹಾಕಿ ಫೈಲಿಗೆ ಸೇರಿಸುತ್ತಿದ್ದರೆ ಅದನ್ನು ನಿಲ್ಲಿಸಿ, ಗಟ್ಟಿಯಾಗಿ ಓದಿ. ಒಮ್ಮೆ ಹೆಸರು ಹೇಳಿಕೊಂಡ ಮೇಲೆ ಕೂಗುವವರ ದನಿ ಸ್ವಲ್ಪವಾದರೂ ಇಳಿಯುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸರ್ಜನ್ ಜೊತೆ ಮಾತಾಡಿ. ಥಿಯೇಟರಿನ ಒಳಗೆ ಬೇಡ, ಬೆಳಿಗ್ಗೆ ಮೊದಲ ಕೇಸಿಗೆ ಮುಂಚೆ, ಇಬ್ಬರೇ ಇರುವಾಗ. "ಸರ್, ಆ ದಿನ ನಾನು ನಿಲ್ಲಿಸಿದ್ದು ಸರಿಯಿತ್ತು. ಮುಂದೆಯೂ ನಿಲ್ಲಿಸುತ್ತೇನೆ. ಕೂಗಿದರೆ ಹೊಸ ಹುಡುಗಿಯರು ಎಣಿಕೆ ತಪ್ಪಿದರೂ ಹೇಳುವುದಿಲ್ಲ." ಇಷ್ಟು ಸಾಕು. ಕ್ಷಮೆಯನ್ನು ಕೇಳಿ ಪಡೆಯಬೇಡಿ, ಬಂದರೆ ಬರಲಿ.

ಮತ್ತೊಂದು. ಆ ರೋಗಿಯನ್ನು ಮರುದಿನ ವಾರ್ಡಿಗೆ ಹೋಗಿ ನೋಡಿದಿರಾ? ನಾನು ಆ ಕಬ್ಬಿನ ಹುಡುಗನನ್ನು ನೋಡಲು ಹೋಗಿದ್ದೆ. ಮೂಗಿನಲ್ಲಿ ನಳಿಕೆ, ಕುಡಿಯಲು ನೀರು ಕೊಡುವಂತಿಲ್ಲ. ನನ್ನನ್ನು ಯಾರೋ ವಾರ್ಡಿನ ನರ್ಸ್ ಎಂದುಕೊಂಡು ನೀರು ಕೇಳಿದ. ಗಾಜ್ ಒದ್ದೆ ಮಾಡಿ ತುಟಿಗೆ ಇಟ್ಟೆ, ಅವನು ಅದನ್ನು ಮಗುವಿನಂತೆ ಚೀಪಿದ. ನಾನು ಯಾರೆಂದು ಹೇಳಲಿಲ್ಲ. ಅಂದಿನಿಂದ ನಿವೃತ್ತಿಯವರೆಗೂ ವಾರಕ್ಕೆ ಒಬ್ಬರನ್ನಾದರೂ ಹೀಗೆ ಹೋಗಿ ನೋಡುವುದನ್ನು ಬಿಡಲಿಲ್ಲ.

ಗೋಕಾಕದ 30 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಥಿಯೇಟರ್, ವಾರ್ಡ್ ಎರಡೂ ನೋಡುತ್ತೇನೆ. ಸಂಬಳ ಕೇಳಿದರೆ, "ಇದು ಸೇವೆ" ಎನ್ನುತ್ತಾರೆ. ಕಾನೂನು ಏನನ್ನುತ್ತದೆ?

ಸೇವೆ ಎಂಬ ಮಾತು ನರ್ಸ್ ಬಾಯಲ್ಲಿ ಬಂದರೆ ಚೆಂದ, ಸಂಬಳ ಕೊಡುವವರ ಬಾಯಲ್ಲಿ ಬರಬಾರದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದಂತೆ ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200 ಹಾಸಿಗೆ ಮೀರಿದಲ್ಲಿ ರಾಜ್ಯ ಸರ್ಕಾರದ ನರ್ಸ್ ಸಂಬಳಕ್ಕೆ ಸಮವಾಗಿರಬೇಕು ಎಂದು ಆ ಸಮಿತಿ ಹೇಳಿತು. ಇದು ಶಿಫಾರಸು, ಕಾನೂನಲ್ಲ. ಆದರೂ ಮಾತುಕತೆಗೆ ಕೂರುವಾಗ ಕೈಯಲ್ಲಿರಲಿ. ಒಬ್ಬರೇ ಹೋಗಬೇಡಿ, ಎಲ್ಲರೂ ಸಹಿ ಮಾಡಿದ ಪತ್ರದೊಂದಿಗೆ ಹೋಗಿ. ನೇಮಕಾತಿ ಆದೇಶದ ಪ್ರತಿಯನ್ನೂ ಮೊದಲು ಕೇಳಿ ಪಡೆಯಿರಿ.

ನಾನು ಗಂಡಸು, ಅಥಣಿಯವನು, ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಪುರುಷರ ಸರ್ಜಿಕಲ್ ವಾರ್ಡಿನಲ್ಲಿದ್ದೇನೆ. ಕೆಲಸ ಇಷ್ಟ. ಆದರೆ ಸಂಬಂಧಿಕರು, "ಹೆಂಗಸರ ಕೆಲಸ" ಎನ್ನುತ್ತಾರೆ.

ಹರ್ನಿಯಾ ಆಪರೇಷನ್ನಿಗೆ ಬಂದ ಎಪ್ಪತ್ತು ವರ್ಷದ ರೈತನೊಬ್ಬ ಕೂದಲು ತೆಗೆಸಿಕೊಳ್ಳಲು, ಮೂತ್ರದ ನಳಿಕೆ (ಕ್ಯಾಥೆಟರ್) ಹಾಕಿಸಿಕೊಳ್ಳಲು ನಮ್ಮ ಮುಂದೆ ಎಷ್ಟು ಕುಗ್ಗಿ ಹೋಗುತ್ತಾನೆ, ನಿಮ್ಮ ಮುಂದೆ ಎಷ್ಟು ನಿರಾಳವಾಗಿ ಮಲಗುತ್ತಾನೆ ಎಂಬುದನ್ನು ನಾನು ನೋಡಿದ್ದೇನೆ. ಸಂಬಂಧಿಕರಿಗೆ ಇದನ್ನೇ ಹೇಳಿ. ಅವರಲ್ಲೂ ಯಾರಾದರೊಬ್ಬರು ಮುಂದೆ ಆ ಹಾಸಿಗೆಗೆ ಬರುತ್ತಾರೆ, ಆಗ ನಿಮ್ಮನ್ನೇ ಕರೆಯುತ್ತಾರೆ.

ಬಳಸಿದ ಸೂಜಿ ಬೆರಳಿಗೆ ಚುಚ್ಚಿತು. ಬೈಯುತ್ತಾರೆಂದು ಹೇಳಲಿಲ್ಲ. ಎರಡು ವಾರದಿಂದ ನಿದ್ದೆ ಇಲ್ಲ.
— ಕೊನೆಯ ವರ್ಷದ ವಿದ್ಯಾರ್ಥಿನಿ

ಮಗಳೇ, ಈ ಪತ್ರಿಕೆ ನಿನ್ನ ಕೈಗೆ ಬರುವವರೆಗೂ ಕಾಯಬಾರದೆಂದು ನಿನಗೆ ಬೇರೆಯಾಗಿ ಉತ್ತರ ಕಳಿಸಿದ್ದೇನೆ, ರಕ್ತ ಪರೀಕ್ಷೆಗೆ ಇವತ್ತೇ ಹೋಗು. ಉಳಿದ ಓದುಗರಿಗೆ: ಚುಚ್ಚಿದ ಕೂಡಲೇ ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ. ಆಗಿಂದಾಗಲೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಕೆಲಸಕ್ಕೆ ಸೇರುವ ಮೊದಲೇ ಮುಗಿದಿರಬೇಕು. ಹೇಳಿದವರನ್ನು ಬೈಯುವ ಇನ್‌ಚಾರ್ಜ್‌ಗಳು ಈ ಹುಡುಗಿಯ ಎರಡು ವಾರಗಳನ್ನು ಒಮ್ಮೆ ಯೋಚಿಸಿ ನೋಡಲಿ.

ಹೆಂಡತಿ ಸರ್ಜಿಕಲ್ ಐಸಿಯು ನರ್ಸ್. ರಾತ್ರಿ ಪಾಳಿಯಿಂದ ಬಂದರೆ ಮಾತಿಲ್ಲ, ಊಟವಿಲ್ಲ. ನನ್ನ ಅಂಗಡಿಯಿಂದ ಸಂಸಾರ ನಡೆಯುತ್ತದೆ. ಕೆಲಸ ಬಿಡು ಎಂದರೆ ಸಿಟ್ಟಾಗುತ್ತಾಳೆ.
— ವಡಗಾವಿ, ಬೆಳಗಾವಿ

ವಡಗಾವಿ ಎಂದು ಓದಿದ ಕೂಡಲೇ ನನಗೆ ಪವರ್‌ಲೂಮಿನ ಸದ್ದು ಕೇಳಿಸಿತು. ಮಗ್ಗ ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಗೋಡೆಯಾಚೆ ಇದ್ದೇ ಇರುತ್ತದೆ. ಹನ್ನೆರಡು ಗಂಟೆ ವೆಂಟಿಲೇಟರ್, ಮಾನಿಟರ್‌ಗಳ ಕೂಗಿನ ನಡುವೆ ನಿಂತು ಬಂದವಳು ಮಗ್ಗದ ಸದ್ದಿನಲ್ಲಿ, ಹಗಲು ಬೆಳಕಿನಲ್ಲಿ ಮಲಗಬೇಕು. ಅವಳಿಗೆ ಮೊದಲು ಬೇಕಾದದ್ದು ನಿದ್ದೆ. ಹಿಂದಿನ ಕೋಣೆಯ ಕಿಟಕಿಗೆ ದಪ್ಪ ಕಪ್ಪು ಪರದೆ ಹಾಕಿಸಿ. ಅವಳ ಮೊಬೈಲ್ ನೀವು ಇಟ್ಟುಕೊಳ್ಳಿ. ಬಂದ ಕೂಡಲೇ ಒಂದು ಬಟ್ಟಲು ಗಂಜಿಯೋ ಉಪ್ಪಿಟ್ಟೋ ಮುಂದಿಟ್ಟು ಸುಮ್ಮನಿರಿ. ಹಗಲು ಮನೆಯಲ್ಲಿದ್ದಾಳೆ ಎಂದು ಆ ದಿನವೇ ಗ್ಯಾಸ್ ಸಿಲಿಂಡರಿನವನನ್ನು, ನೆಂಟರನ್ನು ಕರೆಯಬೇಡಿ.

ಕೆಲಸ ಬಿಡುವ ಮಾತು ಅವಳ ಬಾಯಿಂದ ಬಂದರೆ ಕೇಳಿಸಿಕೊಳ್ಳಿ, ನೀವಾಗಿ ಎತ್ತಬೇಡಿ. ನಿಮ್ಮ ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಆದ್ದರಿಂದ ಮುಚ್ಚಿ ಎಂದು ಯಾರಾದರೂ ನಿಮಗೆ ಹೇಳಿದರೆ ಹೇಗಿರುತ್ತದೆ? ಸಂಜೆ ಎದ್ದು ಚಹಾ ಕುಡಿಯುವಾಗ, "ನಿನ್ನೆ ಯಾರಾದರೂ ವೆಂಟಿಲೇಟರಿನಿಂದ ಹೊರಗೆ ಬಂದರೇ?" ಎಂದು ಕೇಳಿ ನೋಡಿ. ಬಂದ ದಿನ ಅವಳೇ ಹೇಳುತ್ತಾಳೆ.

ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್ ನಾನು. ಹೊಸ ಹುಡುಗಿಯರು ಒಂದು ವರ್ಷ ನಿಲ್ಲುವುದಿಲ್ಲ. ಕೆಲವರು ಸರ್ಕಾರಿ ಕೆಲಸಕ್ಕೆ, ಕೆಲವರು ಕೊಲ್ಲಿ ದೇಶಗಳಿಗೆ, ಜರ್ಮನಿಗೆ. ಸಂಬಳ ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿ ಏನಿದೆ?
— ವಿಜಯಪುರ

ಡ್ಯೂಟಿ ಪಟ್ಟಿ ಇದೆ. ಅದು ಸಣ್ಣ ಕಾಗದವೆಂದು ತಿಳಿಯಬೇಡಿ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಃಶಾಸ್ತ್ರಜ್ಞ ಸುಮಾರು 200 ಎಂಜಿನಿಯರ್ ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಒಂದು ವಿಚಾರ ಮುಂದಿಟ್ಟ. ಸಂಬಳ, ಮೇಲ್ವಿಚಾರಣೆ, ಕೆಲಸದ ಪರಿಸ್ಥಿತಿ ಕೆಟ್ಟರೆ ಮನುಷ್ಯ ಬೇಸರಗೊಳ್ಳುತ್ತಾನೆ, ಆದರೆ ಅವು ಸರಿಯಿದ್ದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ, ತೃಪ್ತಿ ಬರುವುದು ಸಾಧಿಸಿದ್ದರಿಂದ, ಗುರುತಿಸಿದ್ದರಿಂದ, ಜವಾಬ್ದಾರಿಯಿಂದ ಎಂದ. ನರ್ಸ್‌ಗಳ ಮಟ್ಟಿಗೆ ಅವನ ಮಾತು ಮುಕ್ಕಾಲು ಪಾಲು ನಿಜವೆಂದು ನನ್ನ ಅನುಭವ. ಉಳಿದ ಕಾಲು ಭಾಗ ಡ್ಯೂಟಿ ಪಟ್ಟಿಯಲ್ಲಿದೆ. ನ್ಯಾಯವಾದ ಪಟ್ಟಿಯೇ ನಮ್ಮಲ್ಲಿ ತೃಪ್ತಿ ಹುಟ್ಟಿಸುವುದನ್ನು ಕಂಡಿದ್ದೇನೆ.

ನಾನು ಇನ್‌ಚಾರ್ಜ್ ಆದಾಗ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಯಾವ ಹಬ್ಬಕ್ಕೆ ಯಾರು ಕೆಲಸ ಮಾಡಿದರು ಎಂಬುದು ಮಾತ್ರ ಅದರಲ್ಲಿ. ಸಂಕ್ರಾಂತಿಗೆ ನಿಮ್ಮೂರಿನ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಸವದತ್ತಿ ಎಲ್ಲಮ್ಮ, ರಂಜಾನ್, ಕ್ರಿಸ್‌ಮಸ್, ಎಲ್ಲಕ್ಕೂ ಒಂದೊಂದು ಪುಟ. ಬೆಳಗಾವಿಯಲ್ಲಿ ಗಣಪತಿ ವಿಸರ್ಜನೆಯ ರಾತ್ರಿ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ರಸ್ತೆ ದಾಟಿ ಡ್ಯೂಟಿಗೆ ಬರುವುದೇ ಕಷ್ಟ. ಆ ರಾತ್ರಿ ಯಾರಿಗೆ ಎಂದು ಎರಡು ತಿಂಗಳು ಮುಂಚೆಯೇ ತೀರ್ಮಾನ. ಕಳೆದ ವರ್ಷ ಮಾಡಿದವರಿಗೆ ಈ ವರ್ಷ ಇಲ್ಲ, ಇದಕ್ಕೆ ನನ್ನ ಹೆಸರೂ ಹೊರತಲ್ಲ. ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟಿರುತ್ತಿದ್ದೆ, ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಜಗಳ ಅಲ್ಲಿಗೆ ನಿಂತಿತು. ಪಾಳಿಯನ್ನೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಮುಂದಕ್ಕೆ ತಿರುಗಿಸಿ. ರಾತ್ರಿಯಿಂದ ನೇರ ಬೆಳಿಗ್ಗೆಗೆ ಎಳೆದರೆ ದೇಹ ತಡೆಯುವುದಿಲ್ಲ.

ಹೊಸಬರಿಗೆ ಮೊದಲ ತಿಂಗಳಲ್ಲೇ ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿ. ಡ್ರೆಸ್ಸಿಂಗ್ ಟ್ರಾಲಿಯೋ, ಹೊಸ ಸ್ಟೋಮಾ (ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡಿದ ದಾರಿ) ಇರುವ ರೋಗಿಗೆ ಚೀಲ ಹಾಕಿಕೊಳ್ಳಲು ಕಲಿಸುವುದೋ. ರೌಂಡ್ಸ್ ಸಮಯದಲ್ಲಿ ಆ ರೋಗಿಯ ಬಗ್ಗೆ ಡಾಕ್ಟರು ಕೇಳಿದಾಗ ನೀವು ಉತ್ತರಿಸಬೇಡಿ, ಅವಳನ್ನು ಮುಂದೆ ಬಿಡಿ. ಇಷ್ಟೆಲ್ಲ ಮಾಡಿಯೂ ಜರ್ಮನಿಗೆ ಹೋಗುವವಳು ಹೋಗುತ್ತಾಳೆ. ಹರಸಿ ಕಳಿಸಿ. ನನ್ನ ಹುಡುಗಿಯೊಬ್ಬಳು ಕೊಲ್ಲಿಗೆ ಹೋಗಿ ಆರು ವರ್ಷ ಇದ್ದು, ತಿರುಗಿ ನಮ್ಮ ವಾರ್ಡಿಗೇ ಬಂದಳು.

ಕರುಳಿನ ಆಪರೇಷನ್ ಆಗಿ 13 ದಿನ ಆಸ್ಪತ್ರೆಯಲ್ಲಿದ್ದೆ. ಬಿಡುಗಡೆಯಾದ ಮೇಲೆ ವಾರ್ಡಿನ ಸಿಸ್ಟರ್‌ಗಳಿಗೆಂದು ಕುಂದಾ ತೆಗೆದುಕೊಂಡು ಹೋದೆ, ನಿಯಮದಲ್ಲಿ ಅವಕಾಶವಿಲ್ಲವೆಂದು ಮುಟ್ಟಲಿಲ್ಲ. ಅವರ ಋಣ ಹೇಗೆ ತೀರಿಸಲಿ?
— ನಿವೃತ್ತ ಶಿಕ್ಷಕ, ಬೈಲಹೊಂಗಲ

ಗುರುಗಳೇ, ನಿಮ್ಮ ಅಕ್ಷರ ಮುತ್ತಿನಂತಿದೆ, ಅದನ್ನೇ ಬಳಸಿ. ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಹುದ್ದೆಯ ಹೆಸರಿಗೆ ಒಂದು ಪತ್ರ ಬರೆಯಿರಿ. ಬಹಳ ಒಳ್ಳೆಯವರು ಎಂಬ ಒಂದು ಮಾತಿಗೆ ನಿಲ್ಲಿಸಬೇಡಿ. ಯಾವ ರಾತ್ರಿ ನೋವು ಹೆಚ್ಚಾಗಿತ್ತು, ಯಾರು ಬಂದು ದಿಂಬು ಸರಿಪಡಿಸಿದರು, ಮೊದಲ ಸಲ ನಡೆಸುವಾಗ ಯಾರು ಹೊಟ್ಟೆಯ ಮೇಲೆ ಕೈ ಒತ್ತಿ ಹಿಡಿಯಲು ಕಲಿಸಿದರು ಎಂದು ಬರೆಯಿರಿ. ಅಂಥ ಪತ್ರವನ್ನು ಅವರ ಸೇವಾ ಕಡತಕ್ಕೆ ಸೇರಿಸಬೇಕೆಂದು ಕೊನೆಯಲ್ಲಿ ಕೇಳಿಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ಚಿಂತೆ ಬೇಡ. ವಾರ್ಡ್ ಸಂಖ್ಯೆ, ತಾರೀಖು, ಹೊತ್ತು ಇದ್ದರೆ ಡ್ಯೂಟಿ ಪಟ್ಟಿ ನೋಡಿ ಅವರೇ ಕಂಡುಹಿಡಿಯುತ್ತಾರೆ. ಥಿಯೇಟರಿನಲ್ಲಿದ್ದವರನ್ನೂ ಒಂದು ಸಾಲಿನಲ್ಲಿ ಸೇರಿಸಿ, ನೀವು ಅವರನ್ನು ನೋಡಿಲ್ಲ, ಆದರೆ ಅವರು ನಿಮ್ಮನ್ನು ಗಂಟೆಗಟ್ಟಲೆ ನೋಡಿದ್ದಾರೆ.